‘ಫಿಕ್ಸ್’ ಅನ್ನೋದಕ್ಕೆ ಕನ್ನಡದಲ್ಲಿ ಏನು ಹಾಕಿದಿರಿ? ಅನುಭವ ಇದ್ದವರು ಹೇಳಿ

ಕಲ್ಪತರು ನಾಡು:
ಎಲ್ಲರಿಗೂ ನಮಸ್ಕಾರ. ಟಿಲ್ಲರ್, ಸ್ಪ್ರೇಯರ್, ಪಂಪ್‌ಸೆಟ್ ಬಾಡಿಗೆಗೆ ಕೊಡುವ ಒಂದು ಆ್ಯಪ್‌ಗೆ ಕನ್ನಡ ಮಾಡಿಕೊಡುತ್ತಿದ್ದೇನೆ. ಒಟ್ಟು 212 ಸಾಲು, ಅದರಲ್ಲಿ 37 ಕಡೆ ‘ಫಿಕ್ಸ್’ ಇದೆ. ಬಟನ್ ಮೇಲೆ, ಮೆಸೇಜಿನಲ್ಲಿ, ‘ಬೆಲ್ಟ್ ಫಿಕ್ಸ್ ಮಾಡಿ’, ‘ರೇಟ್ ಫಿಕ್ಸ್’, ಹೀಗೆ. ಕಂಪನಿಯವರು ಎಲ್ಲ ಕಡೆ ಒಂದೇ ಪದ ಇರಲಿ ಅಂತಾರೆ. ಸರಿಪಡಿಸು, ದುರಸ್ತಿ, ರಿಪೇರಿ ಮೂರನ್ನೂ ಬರೆದು ಅಳಿಸಿದ್ದೇನೆ. ಸೋಮವಾರ ಕೊಡಬೇಕು. ಇದೇ ಕೆಲಸ ಮಾಡಿದವರು ಯಾವ ಪದ ಹಿಡಿದಿರಿ, ಆಮೇಲೆ ಏನಾಯ್ತು, ಹೇಳ್ತೀರಾ?

ಮೈಸೂರು ಅನುವಾದಕಿ:
ಒಂದೇ ಪದಕ್ಕೆ ಒಪ್ಪಬೇಡಿ. ನಾನು ಒಪ್ಪಿ ಕೈ ಸುಟ್ಟುಕೊಂಡವಳು. 2019ರಲ್ಲಿ ಒಂದು ವಾಷಿಂಗ್ ಮೆಷಿನ್ ಕೈಪಿಡಿ ಬಂತು. 6,400 ಪದ, ಪದಕ್ಕೆ 1 ರೂಪಾಯಿ 10 ಪೈಸೆ, ಒಟ್ಟು 7,040 ರೂಪಾಯಿ. ಪದಪಟ್ಟಿ ಕೆಲಸ ಕೊಟ್ಟ ಏಜೆನ್ಸಿಯವರದೇ. ‘ಫಿಕ್ಸ್’ ಎದುರಿಗೆ ‘ದುರಸ್ತಿ ಮಾಡಿ’ ಅಂತ ಇತ್ತು, ಅಷ್ಟೇ. ಬೇರೆ ಪದ ಹಾಕಿದರೆ ಕೆಂಪು ಗೆರೆ ಬರುತ್ತಿತ್ತು, ಕೆಂಪು ಗೆರೆ ಇದ್ದರೆ ಫೈಲನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಗೆ 14ನೇ ಪುಟದಲ್ಲಿ ಅಚ್ಚಾದದ್ದು ಇದು: ‘ಪೈಪನ್ನು ನಲ್ಲಿಗೆ ದುರಸ್ತಿ ಮಾಡಿ.’

ಪೈಪನ್ನು ನಲ್ಲಿಗೆ ಸಿಕ್ಕಿಸಿ ಬಿಗಿ ಮಾಡಿ ಅನ್ನಬೇಕಿತ್ತು ಅಲ್ವಾ? ಲ್ಯಾಟಿನ್ನಿನಿಂದ ಬಂದ ‘ಫಿಕ್ಸ್’ ಪದದ ಹಳೆಯ ಅರ್ಥವೇ ಗಟ್ಟಿಯಾಗಿ ಕೂರಿಸು ಅಂತ. ಹಾಳಾದದ್ದನ್ನು ಸರಿ ಮಾಡು ಅನ್ನೋ ಅರ್ಥ ಎಷ್ಟೋ ಕಾಲದ ಮೇಲೆ, ಅಮೆರಿಕದಲ್ಲಿ ಬೆಳೆದದ್ದು. ಇದನ್ನೆಲ್ಲ ಮೇಲ್‌ನಲ್ಲಿ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಅಚ್ಚಾದ ಮೇಲೆ ದೂರು ಬಂತು, 40 ಪರ್ಸೆಂಟ್ ಹಿಡಿದುಕೊಂಡರು. 2,816 ರೂಪಾಯಿ ಹೋಯಿತು. ಉಳಿದ 4,224 ಬರೋಕೆ ಐದು ತಿಂಗಳು. ಆ ಪುಸ್ತಿಕೆ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ಪಟ್ಟಿ ಅವರದು, ತಪ್ಪು ಮಾತ್ರ ನನ್ನದಾಯಿತು.

ವೈಂಡಿಂಗ್ ಹುಬ್ಬಳ್ಳಿ:
ನಾನು ಅನುವಾದ ಮಾಡುವವನಲ್ಲ, ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. 22 ವರ್ಷ ಆಯಿತು. ನಿಮ್ಮ ಆ್ಯಪ್‌ನಲ್ಲಿ ‘ರಿಪೇರಿ ಆಗಿದೆ’ ಅಂತ ಮಾತ್ರ ಬರೆಯಬೇಡಿ. ಕಾಲಿಗೆ ಬಿದ್ದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಬಿಲ್ ಮಾಡುವ ಸಾಫ್ಟ್‌ವೇರ್ ಹಾಕಿಸಿದೆ. ಕೆಲಸ ಮುಗಿದ ಕೂಡಲೇ ಗಿರಾಕಿಗೆ ತಾನೇ ಮೆಸೇಜ್ ಕಳಿಸುತ್ತದೆ: ‘ನಿಮ್ಮ ಮೋಟಾರ್ ರಿಪೇರಿ ಆಗಿದೆ.’ ನವಲಗುಂದದ ಕಡೆಯ ಒಬ್ಬ ಅಜ್ಜನ 5 ಎಚ್‌ಪಿ ಸಬ್‌ಮರ್ಸಿಬಲ್ ನನ್ನ ಹತ್ತಿರ ಇತ್ತು. ಬಿಲ್ 4,800. ತಂತಿಗೇ 3,100 ಹಾಕಿದ್ದೆ, ಬುಷ್ ಬೇರೆ, ಹುಡುಗನ ಎರಡು ದಿನದ ಕೂಲಿ ಬೇರೆ. ಮೆಸೇಜ್ ಹೋಯಿತು. ಒಂದು ದಿನ, ಎರಡು ದಿನ, ಎಂಟು ದಿನ ಆದರೂ ಅಜ್ಜ ಬರಲಿಲ್ಲ. ಫೋನ್ ಮಾಡಿದರೆ ಬೈಗುಳ! ‘ಮತ್ತ ಕೆಟ್ಟೈತಿ ಅಂತ ನೀನ ಮೆಸೇಜ್ ಹಾಕಿ, ಈಗ ರೊಕ್ಕ ಕೇಳ್ತಿ ಏನೋ ತಮ್ಮಾ?’

ನಮ್ಮ ಕಡೆ ‘ಗಾಡಿ ರಿಪೇರಿ ಆಗೈತಿ’ ಅಂದರೆ ಕೆಟ್ಟು ನಿಂತಿದೆ ಅಂತಲೇ. ಅಜ್ಜ ಹಾಗೆ ತಿಳಿದು, ಮೆಣಸಿನಗಿಡ ಒಣಗುತ್ತದೆ ಅಂತ 9,500 ಕೊಟ್ಟು ಹಳೇ ಮೋಟಾರ್ ತಂದು ಇಳಿಸಿಬಿಟ್ಟಿದ್ದ. ನನ್ನ 4,800 ಬರಲೇ ಇಲ್ಲ. ಮೋಟಾರ್ ಏಳು ತಿಂಗಳು ಅಂಗಡಿ ಮೂಲೆಯಲ್ಲಿತ್ತು, ಅದರ ಮೇಲೆ ಗೋಣಿಚೀಲ ಹಾಕಿ ಹುಡುಗರು ಕುಳಿತು ಚಹಾ ಕುಡಿಯುತ್ತಿದ್ದರು. ಕೊನೆಗೆ ಅಜ್ಜನ ಮಗ ಬಂದು 2,000 ಕೊಟ್ಟು ಒಯ್ದ. ಈಗ ನಾನೇ ಟೈಪ್ ಮಾಡುತ್ತೇನೆ: ‘ಮೋಟಾರ್ ರೆಡಿ ಇದೆ, ಬಂದು ಒಯ್ಯಿರಿ.’ ಆಮೇಲೆ ಒಬ್ಬರೂ ತಪ್ಪು ತಿಳಿದಿಲ್ಲ.

ಬೆಂಗಳೂರು ಲಿನಕ್ಸ್:
‘ಸರಿಪಡಿಸು’. ಎಲ್ಲ ಕಡೆ. ಮುಗಿಯಿತು. ತಂತ್ರಾಂಶದಲ್ಲಿ ಒಂದು ಪದಕ್ಕೆ ಒಂದೇ ಪದ ಇರಬೇಕು, ಇಲ್ಲದಿದ್ದರೆ ಬಳಸುವವರು ದಾರಿ ತಪ್ಪುತ್ತಾರೆ. ಒಂದು ಲಿನಕ್ಸ್ ತಂತ್ರಾಂಶಕ್ಕೆ 14 ಭಾನುವಾರ ಕೂತು 640 ಸಾಲು ಕನ್ನಡ ಮಾಡಿದ್ದೇನೆ, ಒಂದು ಪೈಸೆ ತೆಗೆದುಕೊಂಡಿಲ್ಲ. ‘ಸರಿಪಡಿಸಲಾಗುತ್ತಿದೆ’ ಅನ್ನೋದು ಬಟನ್‌ನಲ್ಲಿ ಪೂರ್ತಿ ಹಿಡಿಯಲಿಲ್ಲ, ‘ಸರಿಪಡಿಸಲಾ’ ಅಂತ ಅರ್ಧಕ್ಕೆ ನಿಂತು ಪ್ರಶ್ನೆ ಕೇಳಿದ ಹಾಗಾಯಿತು. ಅಕ್ಷರದ ಅಳತೆ ಇಳಿಸಿದರೆ ಒತ್ತಕ್ಷರ ಮುಚ್ಚಿಹೋಗುತ್ತದೆ. ಮೂರು ವಾರ ಅದಕ್ಕೇ ಹೋಯಿತು. ಕೊನೆಗೆ ‘ಸರಿಯಾಗುತ್ತಿದೆ’ ಅಂತ ಮಾಡಿದೆ, ಕೂತಿತು. ಅಷ್ಟರಲ್ಲಿ ಇನ್ಯಾರೋ ಬಂದು ಎಲ್ಲ ‘ಸರಿಪಡಿಸು’ಗಳನ್ನೂ ಒಂದೇ ರಾತ್ರಿ ‘ಸರಿಪಡಿಸಿ’ ಮಾಡಿದರು. ಕೇಳಲೂ ಇಲ್ಲ. ಬಟನ್ ಒತ್ತುವವರು ಯಂತ್ರಕ್ಕೆ ಕೊಡುವ ಆಜ್ಞೆ ಅದು. ಯಂತ್ರಕ್ಕೆ ಬಹುವಚನ ಯಾಕೆ? ದುಡ್ಡಿಗೆ ಮಾಡುವವರಿಗೆ ಇದೆಲ್ಲ ಯೋಚಿಸೋಕೆ ಪುರುಸೊತ್ತಿರುವುದಿಲ್ಲ.

ಮೈಸೂರು ಅನುವಾದಕಿ:
ದುಡ್ಡಿಗೆ ಮಾಡುವವರು ಅಂದರೆ ಯಾರು? ಇದು ನನ್ನ ಮನೆ ಬಾಡಿಗೆ ಸರ್. ನೀವು ಭಾನುವಾರ ಮಾಡುವುದನ್ನು ನಾನು ವಾರವೆಲ್ಲ ಮಾಡುತ್ತೇನೆ, 11 ವರ್ಷದಿಂದ. ‘ಸರಿಪಡಿಸು’ ಅಂತ ಮೊಬೈಲಿನಲ್ಲಿ ಬಂದಾಗ ನಮ್ಮತ್ತೆ ತಮಗೇ ಹೇಳಿದ್ದು ಅಂದುಕೊಂಡರು. ‘ಇದೇನು, ಏಕವಚನದಲ್ಲಿ ಮಾತಾಡ್ತದೆ’ ಅಂತ ಫೋನ್ ಪಕ್ಕಕ್ಕಿಟ್ಟರು. 71 ವರ್ಷ ಅವರಿಗೆ. ಓದುವವರು ಮನುಷ್ಯರು, ಅದನ್ನು ಮೊದಲು ನೋಡಿ.

ಬೆಂಗಳೂರು ಲಿನಕ್ಸ್:
ನಿಮ್ಮತ್ತೆಯವರಿಗೆ ಬೇಜಾರು ಮಾಡಬೇಕು ಅಂತಲ್ಲ. ಆದರೆ ‘ಸಿ’ ಹಾಕಿದರೆ ನೀವೇ ಸರಿ ಮಾಡಿಕೊಳ್ಳಿ ಅಂತ ಆಗುತ್ತದೆ. ಕೆಲಸ ಮಾಡುವುದು ಯಂತ್ರ. 14 ಭಾನುವಾರ ಮೇಡಂ. ನನಗೂ ಸಂಕಟ ಇದೆ.

ತೀರ್ಥಹಳ್ಳಿ ಮೇಷ್ಟ್ರು:
ಇಬ್ಬರೂ ಸ್ವಲ್ಪ ನಿಲ್ಲಿ. ನಮ್ಮ ಹತ್ತಿರ ‘ತಿದ್ದು’ ಇದೆ. ಹಳಗನ್ನಡದಲ್ಲಿ ‘ತಿರ್ದು’, ತಮಿಳಿನ ‘ತಿರುತ್ತು’ ಅದರ ಒಡಹುಟ್ಟು. ಅಕ್ಷರ ತಿದ್ದುತ್ತೇವೆ, ಮೀಸೆ ತಿದ್ದುತ್ತೇವೆ, ಮಕ್ಕಳನ್ನು ತಿದ್ದುತ್ತೇವೆ. 34 ವರ್ಷ ಪಾಠ ಮಾಡಿದವನು, ಈ ಪದ ಯಾರೂ ಮುಟ್ಟುವುದಿಲ್ಲ ಅನ್ನೋದು ನನಗೆ ನಿಜವಾಗಿ ನೋವು. ‘ದುರಸ್ತಿ’ ಪಾರಸಿಯ ‘ದುರುಸ್ತ್’, ‘ರಿಪೇರಿ’ ಇಂಗ್ಲಿಷು.

ಇನ್ನೊಂದು ಮಾತು. ನಮ್ಮ ಜನ ‘ರಿಪೇರಿ’ ಅಂತ ಒಟ್ಟಾಗಿ ಹೇಳುತ್ತಲೇ ಇರಲಿಲ್ಲ, ಮಾಡುವ ಕೆಲಸದ ಹೆಸರು ಹೇಳುತ್ತಿದ್ದರು. ಪಾತ್ರೆಗೆ ಕಲಾಯಿ ಹಾಕಿಸು, ಬಟ್ಟೆಗೆ ತೇಪೆ ಹಾಕು, ಕುಡುಗೋಲಿಗೆ ಕಕ್ಕು ಹಾಕಿಸು, ಮುರಿದದ್ದಕ್ಕೆ ಬೆಸುಗೆ ಹಾಕಿಸು. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತೇವೆ. ಒಂದೊಂದೇ ಹಂಚು ತೆಗೆದು, ಪಾಚಿ ಕೆರೆದು, ಒಡೆದದ್ದು ಬದಲಿಸಿ, ರೀಪಿನ ಗೆದ್ದಲು ಕೊಡವಿ, ಮತ್ತೆ ಹೊದಿಸುವುದು. ಈ ವರ್ಷ ಇಬ್ಬರು ಆಳು, ನಾಲ್ಕು ದಿನ, ದಿನಕ್ಕೆ 900ರಂತೆ 7,200, ಹೊಸ ಹಂಚು 130. ಆದರೂ ಅಡುಗೆಮನೆ ಮೂಲೆ ಸೋರುತ್ತಿದೆ, ಕೆಳಗೆ ತಪ್ಪಲೆ ಇಟ್ಟಿದ್ದೇನೆ. ಇದಕ್ಕೆಲ್ಲ ‘ಸರಿಪಡಿಸು’ ಅಂದರೆ ಆ ಕೆಲಸ ಕಣ್ಣಿಗೇ ಬರುವುದಿಲ್ಲ.

ಹಿರಿಯೂರು ರೈತ:
ಮೇಷ್ಟ್ರೇ, ‘ದುರಸ್ತಿ’ ಬೇಡ ಅನ್ನೋದಕ್ಕೆ ಪಾರಸಿ ಕಾರಣ ಅಲ್ಲ. ರೈತರಿಗೆ ದುರಸ್ತಿ ಅಂದರೆ ಪೋಡಿ ದುರಸ್ತಿ. ಸರ್ವೆ ನಂಬರ್ ಒಡೆದು, ಅಳೆದು, ನಕ್ಷೆ ಮಾಡಿ, ಪಹಣಿಗೆ ಏರಿಸುವುದು. ನನ್ನ 3 ಎಕರೆ 12 ಗುಂಟೆಗೆ 2014ರಲ್ಲಿ ಅರ್ಜಿ ಕೊಟ್ಟೆ. ಕಚೇರಿಗೆ 41 ಸಲ ಹೋಗಿದ್ದೇನೆ, ಡೈರಿಯಲ್ಲಿ ತಾರೀಕು ಬರೆದಿಟ್ಟಿದ್ದೇನೆ. ಬಸ್ಸಿಗೆ, ಜೆರಾಕ್ಸಿಗೆ, ಊಟಕ್ಕೆ ಸೇರಿ 11,650 ಖರ್ಚು. ಒಂದು ಸಲ ಅಳತೆಗೆ ಬಂದರು, ಪಕ್ಕದ ಜಮೀನಿನವರು ತಕರಾರು ಮಾಡಿದರು, ಹೋದರು. ಮಗಳ ಮದುವೆಗೆ ಒಂದೆಕರೆ ಮಾರೋಣ ಅಂದರೆ ದುರಸ್ತಿ ಆಗದೆ ರಿಜಿಸ್ಟರ್ ಆಗುವುದಿಲ್ಲ. ಸಾಲ ಮಾಡಿ ಮದುವೆ ಮಾಡಿದೆ. ಆ್ಯಪ್‌ನಲ್ಲಿ ‘ದುರಸ್ತಿ ಆಗಿದೆ’ ಅಂತ ಕಂಡರೆ ನನ್ನ ಎದೆ ಒಂದು ಸಲ ಹೊಡೆದುಕೊಳ್ಳುತ್ತದೆ.

ವೈಂಡಿಂಗ್ ಹುಬ್ಬಳ್ಳಿ:
ಅಣ್ಣಾ, ಪಕ್ಕದವರ ಸಹಿ ತೆಗೆದುಕೊಂಡಿದ್ದಿರೇನು? ನಮ್ಮ ಮಾವನದು ಸಹಿ ಸಿಕ್ಕ ಮೇಲೆ ಮುಂದೆ ಹೋಯಿತು.

ಹಿರಿಯೂರು ರೈತ:
ಪಕ್ಕದವರು ಅಂದರೆ ನನ್ನ ಸ್ವಂತ ಅಣ್ಣ. ಅವನು ಸಹಿ ಹಾಕುವುದಿದ್ದರೆ ನಾನು ಇಲ್ಲಿ ಯಾಕೆ ಬರೆಯುತ್ತಿದ್ದೆ?

ಬೆಂಗಳೂರು ಲಿನಕ್ಸ್:
ಮೇಷ್ಟ್ರ ‘ತಿದ್ದು’ ಪಂಪ್‌ಸೆಟ್ಟಿಗೆ ಹೇಗೆ ಹೊಂದುತ್ತದೆ? ‘ನಿಮ್ಮ ಪಂಪನ್ನು ತಿದ್ದಲಾಗಿದೆ’ ಅಂದರೆ ಪಂಪು ಏನೋ ತಪ್ಪು ಮಾಡಿದೆ ಅಂತ ಆಗುವುದಿಲ್ಲವೇ?

ತೀರ್ಥಹಳ್ಳಿ ಮೇಷ್ಟ್ರು:
‘ತಿದ್ದಲಾಗಿದೆ’ ಅಂತ ಯಾವ ಕನ್ನಡಿಗ ಮಾತಾಡುತ್ತಾನೆ? ಆ ‘ಲಾಗಿದೆ’ಯನ್ನು ಮೊದಲು ತಿದ್ದಿ. ಪಂಪಿಗೆ ‘ಸರಿ ಮಾಡಿದ್ದೇವೆ’ ಅನ್ನಿ, ನಾನು ಬೇಡ ಅಂದಿಲ್ಲ. ದಾಖಲೆ, ಲೆಕ್ಕ, ಹೆಸರು ತಪ್ಪಿದ್ದರೆ ‘ತಿದ್ದಿ’ ಅನ್ನಿ. ಪಹಣಿಯಲ್ಲಿ ‘ತಿದ್ದುಪಡಿ’ ಅಂತ ಸರ್ಕಾರವೇ ಬರೆಯುತ್ತದೆ.

ಕಲ್ಪತರು ನಾಡು:
ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯವರ ಮಾತು ಓದಿ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಬರೆದದ್ದನ್ನು ಹಾಗೇ ಓದಿದೆ: ‘ನಿಮ್ಮ ಟಿಲ್ಲರ್ ರಿಪೇರಿ ಆಗಿದೆ.’ ಮುದ್ದೆ ಕೈಯಲ್ಲೇ ಹಿಡಿದು, ‘ಅಯ್ಯೋ, ಮೊನ್ನೆ ಚೆನ್ನಾಗಿ ಓಡ್ತಿತ್ತಲ್ಲ, ಏನಾಯ್ತಂತೆ?’ ಅಂದರು.

ಅಲ್ಲಿಗೆ ಆ ಸಾಲು ತೆಗೆದೆ. ಈಗ 37ನ್ನೂ ಬಿಡಿಸಿ ಇಟ್ಟಿದ್ದೇನೆ. ಕೆಟ್ಟದ್ದು ಸರಿಹೋದ ಕಡೆ ‘ರೆಡಿ ಇದೆ’, 16. ಬೆಲ್ಟ್, ನಾಜಲ್, ಪೈಪಿಗೆ ‘ಸಿಕ್ಕಿಸಿ ಬಿಗಿ ಮಾಡಿ’, 9. ಬಾಡಿಗೆಗೆ ‘ನಿಗದಿ’, 7. ಹೆಸರು, ವಿಳಾಸ ತಪ್ಪಿದ್ದಲ್ಲಿ ಮೇಷ್ಟ್ರ ‘ತಿದ್ದಿ’, 4. ಉಳಿದದ್ದು ಒಂದೇ ಒಂದು, ಆ್ಯಪ್ ನಿಂತುಹೋದಾಗ ಬರುವ ಬಟನ್. ಅದಕ್ಕೆ ‘ಸರಿ ಮಾಡು’ ಹಾಕಲೋ ‘ಸರಿ ಮಾಡಿ’ ಹಾಕಲೋ?

ಬೆಂಗಳೂರು ಲಿನಕ್ಸ್:
‘ಮಾಡು’.

ಮೈಸೂರು ಅನುವಾದಕಿ:
‘ಮಾಡಿ’. ಅಮ್ಮಾ, ಒಂದೇ ಪದ ಬೇಕು ಅಂದ ಕಂಪನಿಗೆ ಈ ಐದು ಪದದ ಲೆಕ್ಕ ಮೊದಲು ಮೇಲ್‌ನಲ್ಲಿ ಕಳಿಸಿ, ಒಪ್ಪಿಗೆ ಬರಲಿ. ಬಾಯಿಮಾತಿಗೆ ಫೈಲ್ ಕೊಡಬೇಡಿ.