ಅಪ್ಪನಿಗೆ ಕಣ್ಣು, ಹುಬ್ಬು ಮಾತ್ರ ಆಡುತ್ತವೆ. ಕನ್ನಡದಲ್ಲಿ ಬರೆಯೋದು ಹೇಗೆ?

ತಿಪಟೂರಿನ ಮಗಳು:
ಅಪ್ಪನಿಗೆ ಎಎಲ್‌ಎಸ್, ಸ್ನಾಯುಗಳನ್ನು ಆಡಿಸುವ ನರಗಳು ಸಾಯುತ್ತಾ ಹೋಗುವ ಕಾಯಿಲೆ. ಕೈಕಾಲು ಬಿದ್ದು ಎರಡು ವರ್ಷ, ಹೋದ ದೀಪಾವಳಿಯಿಂದ ಮಾತೂ ಇಲ್ಲ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಕಣ್ಣಿನ ನೋಟದಿಂದ ಕಂಪ್ಯೂಟರ್ ನಡೆಸುವ ಯಂತ್ರವನ್ನು ಸಾಲ ಮಾಡಿ ತರಿಸಿದೆವು. ಮಂಚದ ಪಕ್ಕ ಕಿಟಕಿ. ಬೆಳಗಿನ ಬಿಸಿಲು ಬಿದ್ದರೆ ಕರ್ಸರ್ ಹುಚ್ಚೆದ್ದು ಕುಣಿಯುತ್ತದೆ. ಅದರ ಜೊತೆ ಕೊಟ್ಟ ಕೀಬೋರ್ಡೂ ಬರೀ ಇಂಗ್ಲಿಷ್. ಅಪ್ಪ ಪೋಸ್ಟ್‌ಮ್ಯಾನ್ ಆಗಿದ್ದವರು, ಇಂಗ್ಲಿಷಲ್ಲಿ ವಿಳಾಸ ಓದುತ್ತಿದ್ದರು, ಅಷ್ಟೇ. ಮಾರಿದವರು ಈಗ ಫೋನೇ ಎತ್ತುವುದಿಲ್ಲ. ಏನು ಮಾಡಲಿ?

ಒಂದೇ ಸ್ವಿಚ್ಚು:
ಆ ಯಂತ್ರ ಕಣ್ಣಿಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ನೋಡುತ್ತದೆ. ಬಿಸಿಲಲ್ಲೂ ಅದೇ ಇರುವುದರಿಂದ ಗೊಂದಲ. ಕಿಟಕಿಗೆ ಪರದೆ ಹಾಕಿ. ಆಂಡ್ರಾಯ್ಡ್ 12 ಅಥವಾ ಹೊಸದಿರುವ ಫೋನಿದ್ದರೆ ಸ್ವಿಚ್ ಆಕ್ಸೆಸ್ ನೋಡಿ, ಒಂದೇ ಗುಂಡಿಯಿಂದ ಫೋನು ನಡೆಸುವ ಸೌಲಭ್ಯ. ಗುರುತು ಕೀಲಿಗಳ ಮೇಲೆ ತಾನೇ ಸರಿಯುತ್ತಾ ಹೋಗುತ್ತದೆ, ಬೇಕಾದಲ್ಲಿ ಒತ್ತಿದರೆ ಸಾಕು. ಹುಬ್ಬೇರಿಸಿದರೆ ಕ್ಯಾಮೆರಾ ಅದನ್ನೇ ಗುಂಡಿ ಒತ್ತಿದ ಹಾಗೆ ತಿಳಿದುಕೊಳ್ಳುತ್ತದೆ. ಗೂಗಲ್‌ನ ಕೀಬೋರ್ಡ್ ಜಿಬೋರ್ಡ್‌ನಲ್ಲಿ ಕನ್ನಡ ಇದೆ. ಇದೇ ಕಾಯಿಲೆಯಿದ್ದ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಬರೆಯುತ್ತಿದ್ದದ್ದೂ ಹೀಗೇ, ಕೆನ್ನೆಯ ಒಂದು ಸ್ನಾಯು ಆಡಿಸಿ.

ಧಾರವಾಡದ ಅಕ್ಕ:
ತಂಗಿ, ಫೋನು ಆಮೇಲೆ. ಮೊದಲು ಒಂದು ರಟ್ಟು ತಗೋ. ನಮ್ಮ ಮನೆಯವರಿಗೂ ಇದೇ ಕಾಯಿಲೆ ಇತ್ತು. ಕ, ಚ, ಟ, ತ, ಪ ಅಂತ ಐದು ಸಾಲು, ಸಾಲಿಗೆ ಐದೈದು ಅಕ್ಷರ ದಪ್ಪಗೆ ಬರಿ. ಕೆಳಗೆ ಯ ರ ಲ ವ ಒಂದು ಸಾಲು, ಶ ಷ ಸ ಹ ಳ ಇನ್ನೊಂದು. ಮೇಲೆ ಸ್ವರಗಳು. ಸಾಲು ಸಾಲಾಗಿ ಬೆರಳಿಡು. ಹುಬ್ಬೇರಿದ ಸಾಲಲ್ಲಿ ನಿಂತು ಒಂದೊಂದೇ ಅಕ್ಷರ ಹೇಳು. ಶಾಲೇಲಿ ಕಲಿತ ವರ್ಣಮಾಲೆ ಇದಕ್ಕೇ ಮಾಡಿಟ್ಟ ಹಾಗಿದೆ, ಅಲ್ವಾ?

ಕಾಗುಣಿತ, ಒತ್ತು ಬಿಟ್ಟುಬಿಡು. ಫೋನಿನಲ್ಲಿ 'ಅಮ್ಮ' ಅಂತ ಬರೆಯಲು ನಾಲ್ಕು ಸಲ ಒತ್ತಬೇಕು: ಅ, ಮ, ಅರ್ಧಾಕ್ಷರದ ಗುರುತು, ಮತ್ತೆ ಮ. ರಟ್ಟಿನಲ್ಲಿ ಎರಡೇ. ಇವರು ಮೊದಲ ದಿನ 'ಪ ಲ ಯ' ಅಂದರು. ಪಲ್ಯವೇ ಅಂದೆ, ಹುಬ್ಬು ಏರಿತು. ಆಮೇಲೆ 'ಉ ಪ'. ಉಪ್ಪು ಜಾಸ್ತಿಯಾಗಿತ್ತಂತೆ! ನಾಲ್ಕು ತಿಂಗಳಿಂದ ಸುಮ್ನೆ ತಿಂದಿದ್ದರು.

ತಿಪಟೂರಿನ ಮಗಳು:
ಅಕ್ಕಾ, ಹಳೇ ಕ್ಯಾಲೆಂಡರಿನ ಹಿಂದೆ ಬರೆದೆ. ಅಪ್ಪ ಮೊದಲು ಹೇಳಿದ್ದು 'ಪ ರ ದ ತ ಗ'. ಪರದೆ ತೆಗಿ. ಹಾಕಿ ಒಂದು ದಿನವೂ ಆಗಿರಲಿಲ್ಲ! ಬೀದಿ ಕಾಣಬೇಕಂತೆ. ತೆಗೆದೆ. ಇನ್ನು ಬೆಳಗ್ಗೆ ಹೊತ್ತು ರಟ್ಟು, ಬಿಸಿಲು ಸರಿದ ಮೇಲೆ ಫೋನು. ಮಂಚದ ಸರಳಿಗೆ ಕಚ್ಚಿಸುವ ಫೋನ್ ಸ್ಟ್ಯಾಂಡ್ ಯಾರಾದರೂ ಬಳಸಿದ್ದೀರಾ? ನಮ್ಮದು ತಗಡಿನ ಮಂಚ, ಅಲ್ಲಾಡುತ್ತದೆ.