ಪದಚರ್ಚೆ: ಫಲಕಕ್ಕೆ ‘ವಂಶವೃಕ್ಷ’ ಬೇಡ, ‘ಮನೆತನದ ಕಡತ’ ಎಂದು ಬರೆಸಿ

ಎಲ್ಲರಿಗೂ ನಮಸ್ಕಾರ.

ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯ ಗ್ರಾಮ ಗ್ರಂಥಾಲಯದ ಮೇಲ್ವಿಚಾರಕಿಯವರು ಈ ಪದಚರ್ಚೆಯಲ್ಲಿ ಕೇಳಿದ ಪ್ರಶ್ನೆ ಚಿಕ್ಕದು, ಅವರಿಗಿರುವ ಸಮಯವೂ ಚಿಕ್ಕದು. ಹೈಸ್ಕೂಲು ಮಕ್ಕಳು ತಮ್ಮ ಮನೆಯ ಹಿಂದಿನವರ ವಿಚಾರವನ್ನು ಹಿರಿಯರಿಂದ ಕೇಳಿ ತಿಳಿದು, ಹಳೆಯ ಕಾಗದಪತ್ರಗಳಲ್ಲಿ ಹುಡುಕಿ, ಒಂದು ಪುಸ್ತಕದಲ್ಲಿ ಬರೆದಿಡುವುದನ್ನು ಕಲಿಸುವ ಎರಡು ದಿನದ ಶಿಬಿರಕ್ಕೆ ಅವರಿಗೆ ಹೆಸರು ಬೇಕು. ಬೋರ್ಡು ಬರೆಯುವವರು ನಾಳೆ ಸಂಜೆ ಬರುತ್ತಾರೆ. ‘ವಂಶಾವಳಿ’, ‘ಬೇರರಿಮೆ’ ಮುಂತಾದ ಹೆಸರುಗಳ ಸುತ್ತ ಇದುವರೆಗೆ ಇಲ್ಲಿ ಬಂದಿರುವ ಉತ್ತರಗಳು ಪದದ ಹುಟ್ಟನ್ನು ವಿಚಾರಿಸಿವೆಯೇ ಹೊರತು ಆ ಪದವನ್ನು ಓದುವವರು ಯಾರು, ಓದಿ ಏನೆಂದುಕೊಳ್ಳುತ್ತಾರೆ ಎಂಬುದನ್ನು ವಿಚಾರಿಸಿಲ್ಲ. ಆದ್ದರಿಂದ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ‘ಮನೆತನದ ಕಡತ’ ಎಂದು ದೊಡ್ಡದಾಗಿ ಬರೆಸಿ, ಅದರ ಕೆಳಗೆ ‘ಹಿರಿಯರನ್ನು ಕೇಳಿ ಬರೆದಿಡುವ ಶಿಬಿರ’ ಎಂದು ಸಣ್ಣ ಅಕ್ಷರದಲ್ಲಿ ಬರೆಸಿ.

‘ವಂಶವೃಕ್ಷ’ ಏಕೆ ಬೇಡ ಎಂಬುದಕ್ಕೆ ನನ್ನದೇ ಅನುಭವವಿದೆ. ಮಂಡ್ಯ ಜಿಲ್ಲೆಯ ಯಾವ ಹಳ್ಳಿಯಲ್ಲೇ ಆಗಲಿ, ಈ ಪದ ಈಗ ನಾಡಕಚೇರಿಯ ಪದ. ಮನೆಯ ಯಜಮಾನ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸಲು, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಲು, ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಿಗರಿಂದ) ಪಡೆಯುವ ಕಾಗದಕ್ಕೆ ವಂಶವೃಕ್ಷ ಎನ್ನುತ್ತಾರೆ. ಅದರಲ್ಲಿ ಯಾರ ಹೆಸರು ಸೇರಿತು, ಯಾರದು ಬಿಟ್ಟುಹೋಯಿತು ಎಂಬುದರ ಮೇಲೆ ಅಣ್ಣತಮ್ಮಂದಿರ ಮಾತು ನಿಂತುಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಕೆಲವು ವರ್ಷಗಳ ಹಿಂದೆ ನಾನು ಮಳವಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ತಂದೆಯ ಸೋದರತ್ತೆಯ ಬಳಿ ಪುಸ್ತಕ ಹಿಡಿದು ಕುಳಿತು, ‘ವಂಶವೃಕ್ಷ ಬರೀಬೇಕು ಅಂತಿದ್ದೀನಿ ಅಜ್ಜಿ’ ಎಂದೆ. ಅವರು ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ‘ಯಾವ್ ಜಮೀನ್ಗೆ ಮಗ? ಭಾಗ ಕೇಳಕ್ ಬಂದಿದ್ದೀಯಾ?’ ಎಂದು ಕೇಳಿದರು. ಆ ದಿನ ಒಂದು ಹೆಸರೂ ಸಿಗಲಿಲ್ಲ. ಮುಂದಿನ ಹಬ್ಬಕ್ಕೆ ಹೋದಾಗ ಪುಸ್ತಕ ತೆಗೆಯದೆ, ‘ನಮ್ಮ ಮನೆತನದವ್ರು ಮೊದ್ಲು ಯಾವೂರಲ್ಲಿದ್ರು?’ ಎಂದು ಕೇಳಿದೆ. ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ ಊರೊಂದರಿಂದ ಗಾಡಿ ಕಟ್ಟಿಕೊಂಡು ಬಂದ ವಿಚಾರ, ಆ ಗಾಡಿಯಲ್ಲಿ ಬಂದ ಒರಳುಕಲ್ಲು, ದಾರಿಯಲ್ಲಿ ಹುಟ್ಟಿದ ಮಗು, ಎಲ್ಲವೂ ಸಂಜೆಯವರೆಗೆ ಬಂದವು. ಪದ ಬದಲಾಯಿತು, ಉತ್ತರವೂ ಬದಲಾಯಿತು. ಶಿಬಿರದ ಮಕ್ಕಳು ಮನೆಗೆ ಹೋಗಿ ಉಚ್ಚರಿಸುವ ಪದ ಫಲಕದ ಮೇಲಿರುವ ಪದವೇ ಆಗಿರುತ್ತದೆ ಎಂಬುದನ್ನು ದಯವಿಟ್ಟು ನೆನಪಿಡಬೇಕು.

ಸಂಸ್ಕೃತದಲ್ಲಿ ‘ವಂಶ’ ಎಂದರೆ ಮೊದಲು ಬಿದಿರು, ಗೆಣ್ಣಿನಿಂದ ಗೆಣ್ಣಿಗೆ ಬೆಳೆಯುವುದರಿಂದ ಪೀಳಿಗೆಯ ಅರ್ಥ ಬಂದಿತು, ಆದ್ದರಿಂದ ಅದಕ್ಕೆ ‘ವೃಕ್ಷ’ ಸೇರಿಸುವುದು ತಪ್ಪು ಎಂದು ಒಬ್ಬ ಹಿರಿಯರು ವಾದಿಸಿದ್ದಾರೆ. ಬಿದಿರಿನ ಮಾತು ಸರಿ, ತೀರ್ಮಾನ ಸರಿಯಲ್ಲ. ರೂಪಕ ಒಮ್ಮೆ ಪದವಾಗಿ ನಿಂತ ಮೇಲೆ ಅದರ ಬೇರನ್ನು ಕೆದಕಿ ಬಳಕೆಯನ್ನು ತಿದ್ದಲಾಗದು. ಹಿಂದಿನವರನ್ನು ಮರವಾಗಿಯೇ ಕಾಣಬೇಕೆಂಬ ನಿಯಮವೂ ನಮ್ಮಲ್ಲಿ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಮನೆತನವನ್ನು ತಾವರೆಯ ಎಸಳುಗಳಲ್ಲಿ ಬರೆಸಿ ‘ಸಂತಾನಾಂಬುಜ’ ಎಂದು ಕರೆದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅದನ್ನು ನೋಡಿದವರಿಗೆ ಬುಡದಿಂದ ಕೊಂಬೆಗೆ ಹೋಗುವ ಚಿತ್ರಕ್ಕಿಂತ ನಡುವಿನಿಂದ ಸುತ್ತಲೂ ಹರಡುವ ಚಿತ್ರ ಎಷ್ಟು ಬೇರೆ ಎಂಬುದು ತಿಳಿಯುತ್ತದೆ.

‘ವಂಶಾವಳಿ’ಯ ಪರವಾಗಿ ಬರೆದವರ ಬಳಿ ಗಟ್ಟಿಯಾದ ಆಧಾರವಿದೆ. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿದ್ದ ತಿರುಮಲಾರ್ಯನ ‘ಚಿಕದೇವರಾಜ ವಂಶಾವಳಿ’ ಈ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿದ ಗ್ರಂಥ. ಆದರೆ ಅದು ಅರಸುಮನೆಯ ಪದವಾಗಿ ಉಳಿದಿದೆ, ಮತ್ತು ಆವಳಿ ಎಂದರೆ ಸಾಲು: ತಂದೆಯಿಂದ ಮಗನಿಗೆ ಹೋಗುವ ಒಂದೇ ಸಾಲು. ಈ ಶಿಬಿರದಲ್ಲಿ ತಾಯಿಯ ತವರನ್ನೂ ಅಜ್ಜಿಯ ತವರನ್ನೂ ಬರೆಸುತ್ತೇವೆಂದು ಪ್ರಶ್ನೆಯಲ್ಲೇ ಹೇಳಿದ್ದಾರೆ. ನಮ್ಮ ಕಡೆ ಮಾತಿನಲ್ಲಿರುವ ‘ಹೆಣ್ಣು ಕೊಟ್ಟ ಮನೆ, ಹೆಣ್ಣು ತಂದ ಮನೆ’ ಎಂಬ ಲೆಕ್ಕ ಯಾವ ಆವಳಿಯಲ್ಲೂ ಹಿಡಿಯುವುದಿಲ್ಲ.

ಇನ್ನು ಹೆಳವರ ವಿಷಯ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರಿಗೆ ಬಂದು, ಮನೆಯ ಮುಂದೆ ನಿಂತು ಆ ಮನೆಯ ಹಿಂದಿನವರ ಹೆಸರುಗಳನ್ನು ಸಾಲಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡ್ಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದ ಹೆಳವರೇ ನಮ್ಮ ನಾಡಿನಲ್ಲಿ ಈ ವಿದ್ಯೆಯ ನಿಜವಾದ ಗುರುಗಳು. ಅವರ ಹೆಸರನ್ನು ಶಿಬಿರದಲ್ಲಿ ಗೌರವದಿಂದ ನೆನೆಯಬೇಕೆಂಬ ಸಲಹೆಗೆ ನನ್ನ ಪೂರ್ಣ ಒಪ್ಪಿಗೆ. ಆದರೆ ‘ಹೇಳುವವನೇ ಹೆಳವ’ ಎಂದು ಪದದ ಹುಟ್ಟನ್ನು ವಿವರಿಸುವ ನಿರುಕ್ತಿಯನ್ನು ಮಕ್ಕಳಿಗೆ ಕಲಿಸಬೇಡಿ, ಅದು ತಪ್ಪು. ‘ಹೇಳು’ವಿನ ಹಳೆಯ ರೂಪ ‘ಪೇೞ್’. ಅಲ್ಲಿ ದೀರ್ಘವಿದೆ, ಈಗ ಬಳಕೆಯಲ್ಲಿಲ್ಲದ ೞಕಾರವಿದೆ. ‘ಹೆಳವ’ನ ಹಳೆಯ ರೂಪ ‘ಪೆಳವ’. ಅಲ್ಲಿ ಹ್ರಸ್ವವಿದೆ, ಸಾಮಾನ್ಯ ಳಕಾರವಿದೆ, ಮತ್ತು ಅದರ ಅರ್ಥ ಕಾಲಿಲ್ಲದವನು, ಕುಂಟ. ಕಾಲು ಕಾಣದಂತೆ ಕಂಬಳಿ ಹೊದ್ದು ಎತ್ತಿನ ಮೇಲೆ ಕೂರುತ್ತಿದ್ದ ರೂಢಿಗೂ ಈ ಅರ್ಥಕ್ಕೂ ನಂಟಿದೆ. ಕೇಳಲು ಸೊಗಸಾಗಿದೆ ಎಂಬ ಕಾರಣಕ್ಕೆ ಎರಡು ಧಾತುಗಳನ್ನು ಒಂದು ಮಾಡಲಾಗದು. ಇಲ್ಲಿ ಇದನ್ನು ಮೂರನೆಯ ಬಾರಿ ಬರೆಯುತ್ತಿದ್ದೇನೆ.

ಶಾಸ್ತ್ರಕ್ಕೆ ‘ಅರಿಮೆ’ ಎಂದು ಸೇರಿಸಿ ಮಾಡಿದ ‘ಬೇರರಿಮೆ’, ‘ಪೀಳಿಗೆಯರಿಮೆ’ ಎಂಬ ಪದಗಳು ಆಗುವುದಿಲ್ಲ. ಮೊದಲನೆಯದನ್ನು ಓದಿದ ರೈತ ಗಿಡದ ರೋಗದ ತರಬೇತಿಯೆಂದು ತಿಳಿಯುತ್ತಾನೆ. ‘ವಂಶವಿಜ್ಞಾನ’ವೂ ಆಗುವುದಿಲ್ಲ, ಅದು ತಳಿಶಾಸ್ತ್ರದ ಕಡೆಗೆ ಎಳೆಯುತ್ತದೆ. ‘ಕುಲ’ವಂತೂ ಶಾಲೆಯ ಮಕ್ಕಳ ಮುಂದೆ ಇಡುವ ಪದವೇ ಅಲ್ಲ, ಏಕೆಂದರೆ ಅದು ಜಾತಿಯನ್ನು ಕೇಳಿದಂತೆಯೇ ಕೇಳಿಸುತ್ತದೆ.

ಅನ್ಯಭಾಷೆಯ ಪದ ಒಂದೂ ಇರಕೂಡದು ಎನ್ನುವವರಿಗೆ ಒಂದು ಮಾತು. ಪೌತಿ ಅರಬ್ಬಿಯ ‘ಫೌತ್’, ಅಂದರೆ ಸಾವು. ದಾಖಲೆಯ ಮೂಲವೂ ಅರಬ್ಬಿಯೇ. ಇವನ್ನು ಮಂಡ್ಯದ ರೈತ ತನ್ನ ಮಾತೆಂದೇ ಆಡುತ್ತಾನೆ, ಅದು ಅವನ ಮಾತೇ ಹೌದು. ನಾನು ಆರಿಸಿದ ‘ಮನೆತನ’ದಲ್ಲಿರುವ ‘ತನ’ವನ್ನೂ ಪ್ರಾಕೃತದ ‘ತ್ತಣ’ಕ್ಕೆ ಜೋಡಿಸುವ ವಿದ್ವಾಂಸರಿದ್ದಾರೆ, ಹಾಗೆಂದು ಬಡತನವನ್ನೂ ಗೆಳೆತನವನ್ನೂ ಬಿಟ್ಟುಬಿಡಲು ಯಾರೂ ಸಿದ್ಧರಿಲ್ಲ. ನಾನು ನಾಡಕಚೇರಿಯ ಪದವನ್ನು ಬಿಡುತ್ತಿರುವುದು ಅದು ಸಂಸ್ಕೃತವೆಂದಲ್ಲ, ಅದು ಆಸ್ತಿಯ ಭಯವನ್ನು ಜೊತೆಗೆ ತರುತ್ತದೆ ಎಂಬ ಕಾರಣಕ್ಕೆ.

‘ಮನೆತನ’ ಎಂದರೆ ದೊಡ್ಡ ಮನೆಯವರಿಗೆ ಮಾತ್ರ ಸಲ್ಲುವ ಪದವಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಗೌಡಿಕೆಯೋ ಪಟೇಲಿಕೆಯೋ ಇದ್ದ ಮನೆಗಳು ಈ ಪದವನ್ನು ತಮ್ಮದೆಂಬಂತೆ ಬಳಸಿದ್ದು ನಿಜ. ಆದರೆ ಸೂರಿಲ್ಲದೆ ಊರೂರು ತಿರುಗಿದವರಿಗೂ ಒಂದು ಮನೆತನವಿದೆ ಎಂದು ಆ ಮನೆಯ ಮಗುವೇ ಪುಸ್ತಕದ ಮೊದಲ ಪುಟದಲ್ಲಿ ಬರೆಯುವುದು ಈ ಪದವನ್ನು ಬಿಡುವುದಕ್ಕಿಂತ ದೊಡ್ಡ ಕೆಲಸವೆಂದು ನನ್ನ ನಂಬಿಕೆ. ‘ಕಡತ’ ಈಗ ಸರ್ಕಾರಿ ಮೇಜಿನ ಮೇಲೆ ಕುಳಿತಿದೆಯಾದರೂ ಅದರ ಹಳೆಯ ಬದುಕು ಬೇರೆ. ದಪ್ಪ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಅಂಥವು ಉಳಿದಿವೆ. ಅಳಿಸಿ ತಿದ್ದಬಹುದಾದ, ಮುಂದೆ ಸೇರಿಸುತ್ತ ಹೋಗಬಹುದಾದ ಬರಹಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಂಡಿಲ್ಲ.

ಮಕ್ಕಳು ಬರೆಯುವ ಪುಸ್ತಕದ ಒಳಪುಟದ ತಲೆಬರಹಗಳನ್ನೂ ಕೇಳಿದ್ದೀರಿ. ‘ಮರಣ ದಿನಾಂಕ’ದ ಬದಲು ‘ತೀರಿಕೊಂಡ ಕಾಲ’ ಎಂದಿರಲಿ. ಹಿರಿಯರು ದಿನಾಂಕ ಹೇಳುವುದಿಲ್ಲ, ‘ಪ್ಲೇಗು ಬಂದಾಗ’, ‘ಕಟ್ಟೆ ಕಟ್ಟೋವಾಗ’ ಎನ್ನುತ್ತಾರೆ. ಮೈಸೂರಿಗೆ ಪ್ಲೇಗು ಬಂದದ್ದು 1898ರಲ್ಲಿ, ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಆದರೆ ಪ್ಲೇಗು ಮತ್ತೆ ಮತ್ತೆ ಬಂದಿತ್ತಾದ್ದರಿಂದ ಅಜ್ಜಿಯ ಮಾತನ್ನು ಅವರ ಮಾತಿನಲ್ಲೇ ಬರೆದು, ಇಸವಿಯನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯುವುದು ಮೇಲು. ಸಂವತ್ಸರದ ಹೆಸರು ಹೇಳಿದರೂ ಅರವತ್ತು ವರ್ಷಕ್ಕೆ ಅದೇ ಹೆಸರು ಮರಳುತ್ತದೆ: ವಿಕಾರಿ 1959ರಲ್ಲೂ ಬಂದಿತ್ತು, 2019ರಲ್ಲೂ ಬಂದಿತು. ‘ವಿಳಾಸ’ದ ಜಾಗದಲ್ಲಿ ‘ಹಿಂದಿನ ಊರು’ ಎಂದಿರಲಿ, ಅದರ ಜೊತೆಗೆ ತಪ್ಪದೆ ‘ಮನೆದೇವರು’ ಇರಲಿ. ಊರಿನ ಹೆಸರು ಮರೆತವರೂ ತಾವು ಯಾವ ದೇವರ ಒಕ್ಕಲು ಎಂಬುದನ್ನು ಮರೆತಿರುವುದಿಲ್ಲ, ಮತ್ತು ಆ ದೇವಸ್ಥಾನದ ಸುತ್ತಲ ಹಳ್ಳಿಗಳಲ್ಲಿ ವಿಚಾರಿಸಿದರೆ ಹಳೆಯ ನೆಂಟರು ಸಿಗುವುದುಂಟು. ಮಂಡ್ಯ ಬೇರೆ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕಿಂತ ಹಿಂದಿನ ಪತ್ರಗಳಲ್ಲಿ ತಮ್ಮ ಊರು ಮೈಸೂರು ಜಿಲ್ಲೆಯೆಂದೇ ಇರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ.

ಬೋರ್ಡು ಬರೆಯುವವರಿಗೆ ಪದವನ್ನು ಫೋನಿನಲ್ಲಿ ಹೇಳಬೇಡಿ, ಕಾಗದದ ಮೇಲೆ ಬರೆದು ಕೊಡಿ. ‘ಡ’ಕಾರಕ್ಕೆ ಒಂದು ಗುಡಿಸು ಸೇರಿದರೂ ‘ಕಡಿತ’ವಾಗಿಬಿಡುತ್ತದೆ.