ಅಪ್‌ಡೇಟ್: ಐಸ್‌ಲ್ಯಾಂಡ್‌ನಾಗ ಗ್ಲೇಸಿಯರ್ ಹತ್ತಿ ಬಂದೆ

ರಾಯಚೂರು ಬಿಸಿಲಿನಾಗ ಬೆಳೆದವ್ರಿಗೆ ಐಸ್ ಕ್ಲೈಂಬಿಂಗ್ ಆಗ್ತದೇನು, ಬೂಟು ಎಂಥದ್ದು ಬೇಕು ಅಂತ ಕೇಳಿದ್ನಲ್ರಿ, ಆರಾಮ್ ಆಗ್ತದ! ಹೋಗಿದ್ದು ಸೋಲ್‌ಹೈಮಯೋಕುಲ್‌ಗೆ, ಐಸ್‌ಲ್ಯಾಂಡ್‌ನ ದಕ್ಷಿಣಕ್ಕ ಮಿರ್ದಾಲ್ಸ್‌ಯೋಕುಲ್ ಅನ್ನೋ ದೊಡ್ಡ ಹಿಮರಾಶಿಯಿಂದ ಕೆಳಗಿಳಿಯೋ ಗ್ಲೇಸಿಯರ್ (ಹಿಮನದಿ) ಅದು. ಪೂರಾ ಬೆಳ್ಳಗೇನಿಲ್ಲ, ಜ್ವಾಲಾಮುಖಿ ಬೂದಿ ಕರ್ರಗ ಪದರ ಪದರ ಕುಂತದ, ನೋಡಾಕ ಭಾಳ ಚಂದ.

ಬೂಟಿಂದು ನೀವು ಹೇಳಿದ್ದೇ ಖರೆ, ಕಾಲಗಂಟು ಮುಚ್ಚೋ ಗಟ್ಟಿ ಬೂಟೇ ಬೇಕು, ಮೆತ್ತನ ಶೂಗೆ ಕ್ರಾಂಪಾನ್ (ಐಸ್ ಮ್ಯಾಲ ಜಾರದಂಗ ಬೂಟಿನ ಕೆಳಗ ಕಟ್ಟೋ ಲೋಹದ ಹಲ್ಲು) ಸರಿ ನಿಲ್ಲಂಗಿಲ್ಲ. ಹೆಲ್ಮೆಟ್, ಹಗ್ಗ ಸಿಕ್ಕಿಸಾಕ ಸೊಂಟಕ್ಕ ಕಟ್ಟೋ ಹಾರ್ನೆಸ್, ಐಸಿಗೆ ಹೊಡೆದು ಹಿಡಿಯೋ ಕೊಡಲಿ ಅಂದ್ರ ಐಸ್ ಆಕ್ಸ್ ಎಲ್ಲಾ ಗೈಡೇ ಕೊಟ್ರು.

ಐಸಿನ ಗೋಡೆ ಹತ್ತೋದು ಪೂರಾ ಕಾಲಿನ ಕೆಲಸ ರೀ. ಮೇಲೆ ಐಸಿಗೆ ಸ್ಕ್ರೂ ಹಾಕಿ ಹಗ್ಗ ಬಿಟ್ಟಿರ್ತಾರ, ಕ್ರಾಂಪಾನಿನ ಮುಂದಿನ ಹಲ್ಲು ನೆಟ್ಟಗ ಒದ್ದು ಹಿಮ್ಮಡಿ ಕೆಳಗ ಇಟ್ಟು ನಿಂತ್ರ ಮೈಭಾರ ಕಾಲೇ ಹೊರ್ತಾವ, ಬರೇ ಕೈಲೇ ಎಳ್ಕೊಂಡು ಹೋದ್ರ ಮುಂಗೈ ಬಿಗಿದು ಆಕ್ಸ್ ಹಿಡಿಯಾಕೂ ಆಗಂಗಿಲ್ಲ. ಹಂಪಿ ಹತ್ರದ ಸಾಣಾಪುರ, ಆನೆಗುಂದಿ ಬಂಡೆ ಹತ್ತೋ ನಮ್ಮ ಹುಡುಗ್ರು ಇದನ್ನ ಒಮ್ಮೆ ಮಾಡ್ಲೇಬೇಕು, ಬ್ಯಾಲೆನ್ಸ್ ಹೆಂಗೂ ಇದ್ದೇ ಇರ್ತದ.

ಗ್ಲೇಸಿಯರ್‌ನಾಗ ಬಿರುಕು ಭಾಳ ಇರ್ತಾವ, ಗೈಡ್ ಇಲ್ದ ಕಾಲಿಡಬ್ಯಾಡ್ರಿ. ಗ್ಲೇಸಿಯರ್ ಕರಗಿ ಹಿಂದ ಸರಿದು ಮುಂದ ಕೆರೀನೇ ಆಗ್ಯಾದ, ಹೋಗೋರು ಲಗೂನ ಹೋಗ್ರಿ.